ಬೆಟ್ಟ ಇಳಿದ ಮೇಲೂ ಕ್ರಿಸ್ತರೊಡನೆ
(ಅಡಿಗೆಮನೆಯ ಸಹೋದರ ಲಾರೆನ್ಸರ ಜೀವನದಿಂದ ಒಂದು ಪಾಠ)

ಪುಣ್ಯಕ್ಷೇತ್ರಕ್ಕೆ ಬರುವ ಯಾತ್ರಿಕರಲ್ಲಿ ಬಹಳ ಮಂದಿ ಬೆಟ್ಟ ಹತ್ತುವಾಗ ಒಂದು ಮನಸ್ಸಿನಲ್ಲಿರುತ್ತಾರೆ, ಮನೆ ಸೇರಿದ ಮೂರನೇ ದಿನಕ್ಕೆ ಇನ್ನೊಂದು ಮನಸ್ಸಿನಲ್ಲಿರುತ್ತಾರೆ. ಮೆಟ್ಟಿಲು ಹತ್ತುವಾಗ ಜಪಸರ ಕೈಯಲ್ಲಿರುತ್ತದೆ, ಕಣ್ಣಲ್ಲಿ ನೀರಿರುತ್ತದೆ, ಇನ್ನು ಮುಂದೆ ದಿನಾ ಪ್ರಾರ್ಥನೆ ಮಾಡುತ್ತೇನೆ ಎಂಬ ನಿರ್ಧಾರವೂ ಇರುತ್ತದೆ. ಮನೆಗೆ ಹೋದ ಮೇಲೆ ಹಾಲಿನವನ ಲೆಕ್ಕ, ಮಕ್ಕಳ ಫೀಸು, ಸೊಸೈಟಿ ಸಾಲ, ಅತ್ತೆಯ ಮಾತು, ಮೇಲಧಿಕಾರಿಯ ಸಿಡುಕು ಎಲ್ಲವೂ ಹಾಗೇ ಕಾದಿರುತ್ತವೆ. ಅವುಗಳ ಮಧ್ಯೆ ಯೇಸುಸ್ವಾಮಿ ಎಲ್ಲೋ ಬೆಟ್ಟದ ಮೇಲೇ ಉಳಿದುಬಿಟ್ಟರೇನೋ ಅನ್ನಿಸುತ್ತದೆ. ಮುಂದಿನ ವರ್ಷದ ಹಬ್ಬದವರೆಗೆ ಅವರ ನೆನಪೇ ಬರುವುದಿಲ್ಲ.

ಇದು ಭಕ್ತಿ ಕಡಿಮೆಯಾದವರ ಕಥೆ ಮಾತ್ರ ಅಂತ ತಿಳಿಯಬಾರದು. ಪ್ರತಿ ಭಾನುವಾರ ಬಲಿಪೂಜೆಗೆ ಹೋಗುವವರೂ ಇದೇ ಮಾತು ಹೇಳುತ್ತಾರೆ. ಕ್ರಿಸ್ತರನ್ನು ನಂಬುತ್ತೇವೆ, ಆದರೆ ಅವರ ಪರಿಚಯ ಆಗಿಲ್ಲ. ಪ್ರಾರ್ಥನೆ ಹೇಳುತ್ತೇವೆ, ಆದರೆ ಯಾರ ಹತ್ತಿರ ಮಾತಾಡುತ್ತಿದ್ದೇವೆ ಅನ್ನುವುದು ತಿಳಿಯುತ್ತಿಲ್ಲ. ಈ ಪಾಠ ಅಂಥವರಿಗಾಗಿ.

1. ಕೊಡು-ತಗೊಳ್ಳುವ ಲೆಕ್ಕ ಮತ್ತು ಸಂಬಂಧ

ಹರಕೆ ಹೊರುವುದು ತಪ್ಪಲ್ಲ. ಮಗುವಿಗೆ ಹುಷಾರಿಲ್ಲದಾಗ, ಮಗಳಿಗೆ ಗಂಡು ಸಿಗದಿದ್ದಾಗ, ಬೋರ್‌ವೆಲ್ಲಿನಲ್ಲಿ ನೀರು ಬಾರದಿದ್ದಾಗ ದೇವರ ಬಳಿ ಓಡಿ ಬರದೆ ಇನ್ನೆಲ್ಲಿಗೆ ಹೋಗುವುದು? ಶುಭಸಂದೇಶದಲ್ಲಿಯೂ ಜನರು ಯೇಸುವಿನ ಬಳಿಗೆ ಬಂದದ್ದು ಹೆಚ್ಚಾಗಿ ಕಷ್ಟ ಹೊತ್ತುಕೊಂಡೇ. ಅವರು ಯಾರನ್ನೂ ಗದರಿಸಿ ಕಳಿಸಲಿಲ್ಲ.

ಆದರೆ ಲೂಕನ ಶುಭಸಂದೇಶದ 17ನೇ ಅಧ್ಯಾಯದಲ್ಲಿ ಹತ್ತು ಮಂದಿ ಕುಷ್ಠರೋಗಿಗಳ ಕಥೆ ಇದೆ. ಹತ್ತು ಮಂದಿಯೂ ಬೇಡಿಕೊಂಡರು, ಹತ್ತು ಮಂದಿಗೂ ಗುಣವಾಯಿತು. ಒಂಬತ್ತು ಮಂದಿ ತಮ್ಮ ದಾರಿ ಹಿಡಿದು ಹೋದರು. ಒಬ್ಬನು ಮಾತ್ರ ಹಿಂದಿರುಗಿ ಬಂದು ಯೇಸುವಿನ ಪಾದಕ್ಕೆ ಬಿದ್ದನು. ಅವನು ಸಮಾರಿಯದವನು, ಅಂದರೆ ಹೊರಗಿನವನು ಅಂತ ಯೆಹೂದ್ಯರು ದೂರ ಇಟ್ಟಿದ್ದವನು. ಒಂಬತ್ತು ಮಂದಿಗೆ ಸಿಕ್ಕಿದ್ದು ಚರ್ಮದ ಗುಣ. ಹಿಂದಿರುಗಿದವನಿಗೆ ಗುಣಪಡಿಸಿದವರ ಮುಖವೂ ಸಿಕ್ಕಿತು. ಸಂಬಂಧ ಶುರುವಾಗುವುದು ಅಲ್ಲಿ. ಕೋರಿಕೆ ಮುಗಿದ ಮೇಲೂ ಹಿಂದಿರುಗಿ ಬರುವ ಮನಸ್ಸೇ ಸಂಬಂಧದ ಮೊದಲ ಗುರುತು.

ಯೊವಾನ್ನನ ಶುಭಸಂದೇಶದ 15ನೇ ಅಧ್ಯಾಯದಲ್ಲಿ ಯೇಸು ತಮ್ಮ ಶಿಷ್ಯರನ್ನು ಆಳುಗಳೆಂದು ಕರೆಯದೆ ಗೆಳೆಯರೆಂದು ಕರೆಯುತ್ತಾರೆ. ಆಳು ಕೂಲಿಗಾಗಿ ಬರುತ್ತಾನೆ, ಲೆಕ್ಕ ಚುಕ್ತಾ ಆದ ಮೇಲೆ ಹೋಗುತ್ತಾನೆ. ಗೆಳೆಯ ಕೆಲಸ ಇಲ್ಲದಿದ್ದರೂ ಬಂದು ಜಗಲಿ ಮೇಲೆ ಕೂರುತ್ತಾನೆ.

2. ಸಹೋದರ ಲಾರೆನ್ಸ್ ಯಾರು?

ಈ ಗೆಳೆತನವನ್ನು ದಿನನಿತ್ಯದ ಕೆಲಸದಲ್ಲಿ ಹೇಗೆ ಬೆಳೆಸಿಕೊಳ್ಳಬೇಕು ಎಂಬುದನ್ನು ತಮ್ಮ ಬದುಕಿನಿಂದಲೇ ತೋರಿಸಿದವರು ಫ್ರಾನ್ಸ್ ದೇಶದ ಸಹೋದರ ಲಾರೆನ್ಸ್. ಕಾರ್ಕಳದ ಅತ್ತೂರಿನಲ್ಲಿ ಪೂಜಿಸಲ್ಪಡುವ ಸಂತ ಲಾರೆನ್ಸರು ಬೇರೆ, ಇವರು ಬೇರೆ. ಆ ಸಂತರು 258ರಲ್ಲಿ ರೋಮಿನಲ್ಲಿ ರಕ್ತಸಾಕ್ಷಿಯಾದವರು. ಇವರು 17ನೇ ಶತಮಾನದ ಒಬ್ಬ ಸಾಮಾನ್ಯ ಮಠವಾಸಿ. ಧರ್ಮಸಭೆ ಇವರನ್ನು ಸಂತರ ಪಟ್ಟಿಗೆ ಸೇರಿಸಿಲ್ಲ. ಆದರೂ ಕಥೋಲಿಕರು ಮಾತ್ರವಲ್ಲ, ಬೇರೆ ಸಭೆಗಳ ಕ್ರೈಸ್ತರೂ ಮುನ್ನೂರು ವರ್ಷಗಳಿಂದ ಇವರ ಮಾತುಗಳನ್ನು ಓದುತ್ತಾ ಬಂದಿದ್ದಾರೆ.

ಅವರ ಹುಟ್ಟು ಹೆಸರು ನಿಕೋಲಾ ಹರ್ಮನ್. 1614ರ ಸುಮಾರಿಗೆ ಲೊರೇನ್ ಪ್ರಾಂತ್ಯದ ಒಂದು ಹಳ್ಳಿಯ ಬಡ ಕುಟುಂಬದಲ್ಲಿ ಹುಟ್ಟಿದರು. ಹದಿನೆಂಟು ವಯಸ್ಸಿನಲ್ಲಿ ಚಳಿಗಾಲದ ಒಂದು ದಿನ ಎಲೆ ಉದುರಿ ಬೋಳಾಗಿ ನಿಂತಿದ್ದ ಮರವನ್ನು ನೋಡಿದರು. ಇದೇ ಮರ ಇನ್ನು ಸ್ವಲ್ಪ ದಿನಕ್ಕೆ ಚಿಗುರುತ್ತದೆ, ಹೂ ಬಿಡುತ್ತದೆ, ಹಣ್ಣಾಗುತ್ತದೆ ಎಂದು ಯೋಚಿಸಿದಾಗ ದೇವರ ಪಾಲನೆ ಎಷ್ಟು ದೊಡ್ಡದು ಎಂಬ ಅರಿವು ಅವರ ಮನಸ್ಸಿನಲ್ಲಿ ನಾಟಿತು. ಯಾವ ಅದ್ಭುತವೂ ನಡೆದಿರಲಿಲ್ಲ, ಯಾವ ದರ್ಶನವೂ ಆಗಿರಲಿಲ್ಲ. ಒಂದು ಬೋಳು ಮರ ಅಷ್ಟೆ.

ಆಮೇಲಿನ ದಾರಿ ಸುಲಭವಾಗಿರಲಿಲ್ಲ. ಮೂವತ್ತು ವರ್ಷಗಳ ಯುದ್ಧ (1618-1648) ನಡೆಯುತ್ತಿದ್ದ ಕಾಲ ಅದು. ನಿಕೋಲಾ ಸಿಪಾಯಿಯಾಗಿ ಸೇರಿ, ಗಾಯವಾಗಿ, ಕಾಲು ಕುಂಟಾಗಿ ಹೊರಬಂದರು. ಒಬ್ಬ ಶ್ರೀಮಂತರ ಮನೆಯಲ್ಲಿ ಊಳಿಗಕ್ಕೆ ನಿಂತರು. ಅಲ್ಲಿ ಎತ್ತಿದ್ದನ್ನೆಲ್ಲ ಬೀಳಿಸಿ ಒಡೆಯುವ ಒಡ್ಡ ಮನುಷ್ಯ ತಾನು ಅಂತ ಮುಂದೆ ಅವರೇ ಹೇಳಿಕೊಂಡಿದ್ದಾರೆ. 1640ರಲ್ಲಿ ಪ್ಯಾರಿಸಿನ ಕಾರ್ಮೆಲ್ ಮಠಕ್ಕೆ ಸಹೋದರರಾಗಿ ಸೇರಿದರು. ಮಠದಲ್ಲಿ ತನ್ನ ಒಡ್ಡತನಕ್ಕೆ ಚೆನ್ನಾಗಿ ಶಿಕ್ಷೆ ಆಗುತ್ತದೆ, ಸುಖವನ್ನೆಲ್ಲ ದೇವರಿಗೆ ಬಿಟ್ಟುಕೊಡಬೇಕಾಗುತ್ತದೆ ಅಂತ ಎಣಿಸಿದ್ದರಂತೆ. ಕೊನೆಗೆ ದೇವರು ತನ್ನನ್ನು ಮೋಸ ಮಾಡಿದರು, ಸಂತೋಷವನ್ನೇ ಕೊಟ್ಟರು ಅಂತ ನಗುತ್ತಾ ಹೇಳುತ್ತಿದ್ದರು.

ಅವರು ಗುರುಗಳಾಗಲಿಲ್ಲ, ಪ್ರಬೋಧನೆ ಮಾಡಲಿಲ್ಲ. ಹದಿನೈದು ವರ್ಷಗಳಷ್ಟು ಕಾಲ ಮಠದ ಅಡಿಗೆಮನೆಯಲ್ಲಿ ದುಡಿದರು. ಕಾಲುನೋವು ಹೆಚ್ಚಾದ ಮೇಲೆ ಮಠದವರಿಗೆ ಚಪ್ಪಲಿ ಹೊಲಿಯುವ ಕೆಲಸಕ್ಕೆ ಬಂದರು. 1691ರ ಫೆಬ್ರವರಿ 12ರಂದು ತೀರಿಕೊಂಡರು. ಜೋಸೆಫ್ ದ ಬೋಫೋರ್ ಎಂಬ ಗುರುಗಳು 1666ರಿಂದ ಅವರ ಜೊತೆ ನಡೆಸಿದ ನಾಲ್ಕು ಸಂಭಾಷಣೆಗಳನ್ನು ಬರೆದಿಟ್ಟಿದ್ದರು. ಅವು, ಲಾರೆನ್ಸರ ಹದಿನಾರು ಪತ್ರಗಳು ಮತ್ತು ಒಂದಿಷ್ಟು ಹಿತವಚನಗಳು, ಇಷ್ಟೇ ಅವರು ಬಿಟ್ಟುಹೋದ ಆಸ್ತಿ. ಮರಣದ ನಂತರ ಅವು ಅಚ್ಚಾದವು. ಜಗದ್ಗುರು ಹದಿನಾಲ್ಕನೇ ಲಿಯೋರವರು 2025ರ ಡಿಸೆಂಬರಿನಲ್ಲಿ ತಮ್ಮ ಸ್ವಂತ ಆಧ್ಯಾತ್ಮಿಕ ಜೀವನವನ್ನು ತಿಳಿಯಬೇಕೆನ್ನುವವರು ಈ ಚಿಕ್ಕ ಪುಸ್ತಕವನ್ನು ಓದಲಿ ಎಂಬ ಅರ್ಥದಲ್ಲಿ ಇದನ್ನು ನೆನೆದರು.

3. ಅಡಿಗೆಮನೆಯ ಪಾಠ

ಗಮನಿಸಬೇಕಾದ ವಿಷಯ ಏನೆಂದರೆ, ಸಹೋದರ ಲಾರೆನ್ಸರಿಗೆ ಅಡಿಗೆ ಕೆಲಸ ಇಷ್ಟವೇ ಇರಲಿಲ್ಲ. ಸ್ವಭಾವತಃ ಅವರಿಗೆ ಅದು ಬೇಸರದ ಕೆಲಸ. ಆದರೂ ಪ್ರತಿಯೊಂದನ್ನೂ ದೇವರ ಪ್ರೀತಿಗಾಗಿ ಮಾಡುವುದನ್ನು ರೂಢಿ ಮಾಡಿಕೊಂಡರು. ಕೆಲಸ ಶುರುಮಾಡುವ ಮುಂಚೆ ಕೃಪೆ ಕೇಳುವುದು, ಕೆಲಸದ ನಡುವೆ ಪಕ್ಕದಲ್ಲಿರುವವರ ಹತ್ತಿರ ಮಾತಾಡುವಂತೆ ಒಂದೆರಡು ಮಾತು ಆಡುವುದು, ಮುಗಿದ ಮೇಲೆ ಹೇಗೆ ಮಾಡಿದೆ ಅಂತ ನೋಡಿಕೊಳ್ಳುವುದು. ಚೆನ್ನಾಗಿ ಆಗಿದ್ದರೆ ಸ್ತೋತ್ರ, ಕೆಟ್ಟಿದ್ದರೆ ಕ್ಷಮೆ. ಕಾವಲಿಯ ಮೇಲಿನ ಆಮ್ಲೆಟ್ ಮಗುಚುವುದನ್ನೂ ನೆಲದ ಮೇಲಿನ ಒಂದು ಹುಲ್ಲುಕಡ್ಡಿ ಎತ್ತುವುದನ್ನೂ ದೇವರಿಗಾಗಿಯೇ ಮಾಡುತ್ತಿದ್ದರು. ಪಾತ್ರೆಗಳ ಸದ್ದು, ಏಕಕಾಲಕ್ಕೆ ನಾಲ್ಕು ಜನರ ಕೂಗು, ಇವುಗಳ ನಡುವೆಯೂ ಪರಮಪ್ರಸಾದದ ಮುಂದೆ ಮೊಣಕಾಲೂರಿದಾಗ ಇರುವಷ್ಟೇ ಶಾಂತಿ ಅವರಿಗೆ ಇರುತ್ತಿತ್ತು.

ಒಮ್ಮೆ ಮಠಕ್ಕೆ ದ್ರಾಕ್ಷಾರಸ ಕೊಂಡು ತರಲು ಬರ್ಗಂಡಿ ಪ್ರಾಂತ್ಯಕ್ಕೆ ಅವರನ್ನು ಕಳಿಸಿದರು. ವ್ಯಾಪಾರ ಗೊತ್ತಿಲ್ಲ, ಕಾಲು ಕುಂಟು. ದೋಣಿಯಲ್ಲಿ ನಡೆಯಲಾಗದೆ ಪೀಪಾಯಿಗಳ ಮೇಲೆ ಉರುಳಿಕೊಂಡು ಹೋಗಬೇಕಿತ್ತು. ಇದು ನಿಮ್ಮ ಕೆಲಸ ಸ್ವಾಮಿ ಅಂತ ದೇವರಿಗೆ ಹೇಳಿ ಹೊರಟರಂತೆ. ಕೆಲಸವೂ ಚೆನ್ನಾಗಿಯೇ ಆಯಿತು.

ಕ್ರೈಸ್ತರಿಗೆ ಇದು ಹೊಸ ಮಾತೇನಲ್ಲ. ಯೇಸುಸ್ವಾಮಿ ತಮ್ಮ ಕಾರ್ಯ ಆರಂಭಿಸಿದಾಗ ಅವರಿಗೆ ಸುಮಾರು ಮೂವತ್ತು ವರ್ಷ ಅಂತ ಲೂಕನು ಬರೆಯುತ್ತಾನೆ. ಅಲ್ಲಿಯವರೆಗೆ ಅವರು ನಜರೇತಿನ ಬಡಗಿ. ಲೋಕರಕ್ಷಕರ ಆಯುಸ್ಸಿನ ಹೆಚ್ಚಿನ ಪಾಲು ಮರ, ಸಿಂಬೆ, ಗಿರಾಕಿ, ಮನೆ, ಊಟ ಇವುಗಳಲ್ಲೇ ಕಳೆಯಿತು. ಪುನರುತ್ಥಾನವಾದ ಮೇಲೂ, ಯೊವಾನ್ನನ ಶುಭಸಂದೇಶದ 21ನೇ ಅಧ್ಯಾಯದಲ್ಲಿ, ರಾತ್ರಿಯಿಡೀ ದುಡಿದು ದಣಿದ ಶಿಷ್ಯರಿಗೆ ಗಲಿಲೇಯದ ದಡದಲ್ಲಿ ಕೆಂಡದ ಮೇಲೆ ಮೀನು ಸುಟ್ಟು, ರೊಟ್ಟಿ ಇಟ್ಟು, ಊಟಕ್ಕೆ ಕರೆದವರು ಅವರೇ. ಮರಣವನ್ನು ಗೆದ್ದ ಕರ್ತರು ಒಲೆಯ ಮುಂದೆ ಕುಳಿತಿದ್ದಾರೆ! ಇದನ್ನು ಓದಿದ ಮೇಲೆ ಕ್ರಿಸ್ತರು ಅಡಿಗೆಮನೆಗೆ ಬರುವುದಿಲ್ಲ ಅಂತ ಯಾರು ಹೇಳಲು ಸಾಧ್ಯ? ಕಾರ್ಮೆಲ್ ಸಭೆಯನ್ನು ಸುಧಾರಿಸಿದ ಆವಿಲಾದ ಸಂತ ತೆರೇಸಮ್ಮನವರೂ ವಿಧೇಯತೆಯಿಂದ ಅಡಿಗೆ ಕೆಲಸಕ್ಕೆ ಹೋಗಬೇಕಾದ ಸಹೋದರಿಯರು ದುಃಖಪಡಬೇಕಾಗಿಲ್ಲ, ದೇವರು ಅಲ್ಲಿಯೂ ಸಿಗುತ್ತಾರೆ ಎಂದು ಕಲಿಸಿದ್ದರು.

ಲೂಕನ 10ನೇ ಅಧ್ಯಾಯದ ಮಾರ್ತಾ ಮತ್ತು ಮರಿಯರ ಕಥೆಯನ್ನು ಇಲ್ಲಿ ತಪ್ಪಾಗಿ ತಿಳಿಯಬಾರದು. ಯೇಸು ಮಾರ್ತಾಳ ಅಡಿಗೆಯನ್ನು ಬೈಯಲಿಲ್ಲ. ಅವಳ ಗಡಿಬಿಡಿಯನ್ನು, ತಂಗಿಯ ಮೇಲಿನ ದೂರನ್ನು ತಿದ್ದಿದರು. ಕೈ ಒಲೆಯ ಹತ್ತಿರ ಇದ್ದರೂ ಮನಸ್ಸು ಕರ್ತರ ಪಾದದ ಹತ್ತಿರ ಇರಬಹುದು. ಸಹೋದರ ಲಾರೆನ್ಸರು ಮಾರ್ತಾಳ ಕೈಯಿಂದ ಕೆಲಸ ಮಾಡುತ್ತಾ ಮರಿಯಳ ಮನಸ್ಸಿನಿಂದ ಕೇಳಿಸಿಕೊಂಡವರು.

4. ಹತ್ತು ವರ್ಷದ ಕತ್ತಲೆ

ಇಷ್ಟು ಓದಿ, ಅವರು ದೊಡ್ಡವರು, ಅವರಿಗೆ ಸುಲಭವಾಗಿ ಬಂತು ಅಂತ ಅನ್ನಿಸಬಹುದು. ಅದು ನಿಜವಲ್ಲ. ಮಠ ಸೇರಿದ ಮೊದಲ ಹತ್ತು ವರ್ಷ ಬಹಳ ಸಂಕಟಪಟ್ಟೆ ಅಂತ ಅವರೇ ಪತ್ರದಲ್ಲಿ ತಿಳಿಸಿದ್ದಾರೆ. ಹಳೆಯ ಪಾಪಗಳ ನೆನಪು ಕಾಡುತ್ತಿತ್ತು. ಒಂದು ಕಾಲದಲ್ಲಿ ನಾಲ್ಕು ವರ್ಷಗಳಷ್ಟು ಸಮಯ ತಾನು ನರಕಕ್ಕೇ ಹೋಗುವವನು ಎಂಬ ಭಯ ಅವರನ್ನು ಹಿಡಿದಿತ್ತು. ಯಾರು ಸಮಾಧಾನ ಹೇಳಿದರೂ ಆ ಭಯ ಬಿಡಲಿಲ್ಲ.

ಕೊನೆಗೆ ಅವರು ಒಂದು ತೀರ್ಮಾನಕ್ಕೆ ಬಂದರು. ಮಠಕ್ಕೆ ಬಂದದ್ದು ದೇವರ ಮೇಲಿನ ಪ್ರೀತಿಗಾಗಿ. ಮುಂದೆ ಏನೇ ಆಗಲಿ, ಉಳಿದರೂ ಸರಿ ಕೆಟ್ಟರೂ ಸರಿ, ಸಾಯುವವರೆಗೆ ಅವರನ್ನು ಪ್ರೀತಿಸಲು ಮಾಡಬೇಕಾದ್ದನ್ನು ಮಾಡುತ್ತಾ ಹೋಗುವುದು. ಈ ತೀರ್ಮಾನವಾದ ಮೇಲೆ ಅವರ ಮನಸ್ಸು ಬಿಡುಗಡೆಯಾಯಿತು.

ಇಲ್ಲಿ ಈ ಪಾಠದ ತಿರುಳಿದೆ. ತನಗೆ ಏನು ಸಿಗುತ್ತದೆ ಎಂಬ ಲೆಕ್ಕವನ್ನು ಕೆಳಗಿಟ್ಟ ದಿನ ಅವರಿಗೆ ದೇವರ ಸಾಮೀಪ್ಯ ದೊರೆಯಿತು. ಪ್ರಾರ್ಥನೆಯಲ್ಲಿ ರುಚಿ ಸಿಗುವುದಿಲ್ಲ, ಕಣ್ಣೀರು ಬರುವುದಿಲ್ಲ, ಮೊದಲಿನ ಹಾಗೆ ಭಕ್ತಿ ಉಕ್ಕುವುದಿಲ್ಲ ಅಂತ ಎಷ್ಟೋ ಜನ ಜಪಸರವನ್ನೇ ಪಕ್ಕಕ್ಕೆ ಇಡುತ್ತಾರೆ. ರುಚಿ ಇದ್ದಾಗ ಪ್ರಾರ್ಥಿಸುವುದು ಯಾರಿಗೂ ಸುಲಭ. ರುಚಿ ಇಲ್ಲದಾಗಲೂ ಬಂದು ಕೂರುವವನು ಕೊಡುಗೆಗಿಂತ ಕೊಡುವವರನ್ನು ಹೆಚ್ಚು ಪ್ರೀತಿಸುತ್ತಾನೆ. ಒಣಗಿದ ಕಾಲವು ಸಂಬಂಧ ಮುರಿದದ್ದರ ಗುರುತು ಆಗಬೇಕಾಗಿಲ್ಲ. ಚಳಿಗಾಲದ ಮರ ಸತ್ತಿರುವುದಿಲ್ಲ.

5. ಮನಸ್ಸು ಓಡಿಹೋದಾಗ, ತಪ್ಪು ನಡೆದಾಗ

ಪ್ರಾರ್ಥನೆಗೆ ಕೂತರೆ ಮನಸ್ಸು ಸಂತೆಗೆ ಹೋಗುತ್ತದೆ, ಏನು ಮಾಡುವುದು? ಇದೇ ತೊಂದರೆ ಬರೆದ ಒಬ್ಬ ಸಹೋದರಿಗೆ ಲಾರೆನ್ಸರು ಕೊಟ್ಟ ಸಲಹೆ ಸರಳವಾಗಿದೆ. ಇದು ಎಲ್ಲರಿಗೂ ಆಗುವುದೇ. ಅದಕ್ಕಾಗಿ ತನ್ನ ಮೇಲೆ ತಾನು ಸಿಟ್ಟಾಗಬಾರದು, ಸಿಟ್ಟಾದರೆ ಮನಸ್ಸು ಇನ್ನೂ ಚದುರುತ್ತದೆ. ಮೆಲ್ಲಗೆ ಕರೆದುಕೊಂಡು ಬರಬೇಕು. ಶ್ರೀಮಂತನ ಬಾಗಿಲಲ್ಲಿ ಕೂತ ಮಾತು ಬಾರದ ಭಿಕ್ಷುಕನ ಹಾಗೆ ದೇವರ ಮುಂದೆ ಸುಮ್ಮನೆ ಇದ್ದರೂ ಸಾಕು. ಪ್ರಾರ್ಥನೆಯ ಹೊತ್ತಲ್ಲಿ ಮನಸ್ಸು ನಿಲ್ಲಬೇಕಾದರೆ ಉಳಿದ ಹೊತ್ತಲ್ಲೂ ಅದನ್ನು ತೀರಾ ದೂರ ಅಲೆಯಲು ಬಿಡಬಾರದು ಎಂಬುದನ್ನೂ ಅವರು ಸೇರಿಸುತ್ತಾರೆ.

ತಪ್ಪು ಮಾಡಿದಾಗ ಅವರು ನೆವ ಹೇಳುತ್ತಿರಲಿಲ್ಲ, ಗೋಳಾಡುತ್ತಲೂ ಇರಲಿಲ್ಲ. ನೀವು ಕೈಬಿಟ್ಟರೆ ನಾನು ಮಾಡುವುದೇ ಹೀಗೆ, ನೀವೇ ತಡೆಯಬೇಕು ಎಂಬ ಅರ್ಥದಲ್ಲಿ ದೇವರಿಗೆ ಒಪ್ಪಿಸಿ ಎದ್ದು ಕೆಲಸಕ್ಕೆ ಹೋಗುತ್ತಿದ್ದರು. ಬಿದ್ದ ಮಗು ಅಮ್ಮನ ಕಡೆಗೇ ಕೈ ಚಾಚುತ್ತದೆ, ಬಿದ್ದೆನಲ್ಲ ಅಂತ ಮನೆಯಿಂದ ಓಡಿಹೋಗುವುದಿಲ್ಲ. ಪೇತ್ರನೂ ಮೂರು ಸಾರಿ ಯೇಸುವನ್ನು ಅಲ್ಲಗಳೆದ ಮೇಲೆ ಆ ದಡದ ಕೆಂಡದ ಬಳಿಗೆ ಹಿಂದಿರುಗಿ ಬಂದನು. ಅಲ್ಲಿ ಮೂರು ಸಾರಿ ಪ್ರೀತಿಯ ಪ್ರಶ್ನೆ ಕೇಳಿಸಿಕೊಂಡನು.

6. ಕೇಳಿದ್ದು ಸಿಗದಿದ್ದಾಗ

ಇದು ಎಲ್ಲಕ್ಕಿಂತ ಕಷ್ಟದ ವಿಷಯ. ನೊವೇನಾ ಮಾಡಿದರು, ಮೊಣಕಾಲಲ್ಲಿ ಮೆಟ್ಟಿಲು ಹತ್ತಿದರು, ಮೇಣದ ಬತ್ತಿ ಹಚ್ಚಿದರು, ಆದರೂ ಕಾಯಿಲೆಯವರು ಉಳಿಯಲಿಲ್ಲ. ಅಂಥ ಮನೆಯವರಿಗೆ ನಿಮ್ಮ ವಿಶ್ವಾಸ ಸಾಲದು ಅಂತ ಯಾರೂ ಹೇಳಕೂಡದು. ಗೆತ್ಸೆಮನಿಯ ತೋಟದಲ್ಲಿ ದೇವರ ಪುತ್ರರೇ ಪಾತ್ರೆ ತಪ್ಪಿಹೋಗಲಿ ಅಂತ ಬೇಡಿದರು, ಅದು ತಪ್ಪಲಿಲ್ಲ. ಸಂತ ಪೌಲರು ತಮ್ಮನ್ನು ಚುಚ್ಚುತ್ತಿದ್ದ ಮುಳ್ಳನ್ನು ತೆಗೆಯಿರಿ ಅಂತ ಮೂರು ಸಲ ಕೇಳಿದರು. ಸಿಕ್ಕಿದ್ದು ಮುಳ್ಳಿನಿಂದ ಬಿಡುಗಡೆ ಅಲ್ಲ, ಅದನ್ನು ಹೊರುವ ಕೃಪೆ. ಇವರಿಬ್ಬರಲ್ಲಿ ಯಾರ ವಿಶ್ವಾಸ ಕಡಿಮೆಯಿತ್ತು?

ಲಾರೆನ್ಸರ ಕೊನೆಯ ಪತ್ರಗಳು ಕಾಯಿಲೆಯಲ್ಲಿದ್ದವರಿಗೆ ಬರೆದವು. ನೋವು ಹೋಗಲಿ ಅಂತ ಬೇಡುವುದಕ್ಕಿಂತ ಅದನ್ನು ಪ್ರೀತಿಯಿಂದ ತಾಳಿಕೊಳ್ಳುವ ಬಲಕ್ಕಾಗಿ ಬೇಡುತ್ತೇನೆ ಎನ್ನುವ ಅರ್ಥದ ಮಾತು ಅವುಗಳಲ್ಲಿದೆ. ಹಾಗೆ ಬರೆದವರು ಸುಖವಾಗಿ ಕೂತು ಬುದ್ಧಿ ಹೇಳಿದವರಲ್ಲ. ವರ್ಷಗಟ್ಟಲೆ ಕಾಲುನೋವು ತಿಂದವರು. ಹಾಗಂತ ಔಷಧಿ ಬೇಡ ಅಂತಲ್ಲ. ಆಸ್ಪತ್ರೆಗೆ ಹೋಗಲೇಬೇಕು, ಡಾಕ್ಟರು ಹೇಳಿದ ಮಾತ್ರೆ ತಪ್ಪದೆ ತಗೊಳ್ಳಬೇಕು, ಗುಣವಾಗಲಿ ಅಂತ ಪ್ರಾರ್ಥಿಸಲೂಬೇಕು. ಉತ್ತರ ಏನೇ ಬಂದರೂ ಕೇಳಿದವರ ಕೈ ಬಿಡದೆ ಇರುವುದೇ ಸಂಬಂಧ. ಸಿಟ್ಟು ಬಂದರೆ ಆ ಸಿಟ್ಟನ್ನೂ ಕ್ರಿಸ್ತರಿಗೇ ಹೇಳಬಹುದು. ಕೀರ್ತನೆಗಳಲ್ಲಿ ಅಂಥ ಪ್ರಾರ್ಥನೆಗಳು ಎಷ್ಟೋ ಇವೆ. ಮಾತು ಬಿಡುವುದಕ್ಕಿಂತ ಜಗಳವಾಡುವುದು ಮೇಲು.

7. ಮನೆಗೆ ಹೋದ ಮೇಲೆ ಮಾಡಬೇಕಾದದ್ದು

ಅ) ಬೆಳಿಗ್ಗೆ ಎದ್ದ ಕೂಡಲೇ ಮೊಬೈಲ್ ಮುಟ್ಟುವ ಮೊದಲು ಶಿಲುಬೆಯ ಗುರುತು ಹಾಕಿ ಯೇಸುವಿಗೆ ಒಂದು ಮಾತು ಹೇಳಬೇಕು. ಬಾಯಿಪಾಠದ ಪ್ರಾರ್ಥನೆಯಾದರೂ ಸರಿ, ಸ್ವಂತ ಮಾತಾದರೂ ಸರಿ.

ಆ) ದಿನದ ಒಂದೇ ಒಂದು ಕೆಲಸವನ್ನು ಆರಿಸಿಕೊಳ್ಳಬೇಕು. ಹಾಲು ಕಾಯಿಸುವುದು, ಪಾತ್ರೆ ತೊಳೆಯುವುದು, ಬಸ್ಸಿಗೆ ಕಾಯುವುದು, ಅಂಗಡಿ ಬಾಗಿಲು ತೆಗೆಯುವುದು, ಯಾವುದಾದರೂ ಸರಿ. ಆ ಕೆಲಸವನ್ನು ಕ್ರಿಸ್ತರು ಪಕ್ಕದಲ್ಲಿದ್ದಾರೆ ಎಂಬ ನೆನಪಿನಿಂದ ಮಾಡಬೇಕು. ಅದು ರೂಢಿಯಾದ ಮೇಲೆ ಇನ್ನೊಂದನ್ನು ಸೇರಿಸಬೇಕು. ಎಲ್ಲವನ್ನೂ ಒಂದೇ ದಿನ ಹಿಡಿದರೆ ಒಂದೂ ಉಳಿಯುವುದಿಲ್ಲ.

ಇ) ದಿನಕ್ಕೆ ಹತ್ತು ಸಾಲು ಶುಭಸಂದೇಶ ಓದಬೇಕು. ಮಾರ್ಕನದು ಎಲ್ಲಕ್ಕಿಂತ ಚಿಕ್ಕದು, ಹದಿನಾರೇ ಅಧ್ಯಾಯ. ಅಲ್ಲಿಂದ ಶುರುಮಾಡಬಹುದು. ಮಾತು, ನಡತೆ ಗೊತ್ತಿಲ್ಲದ ವ್ಯಕ್ತಿಯ ಜೊತೆ ಗೆಳೆತನ ಬೆಳೆಯುವುದಿಲ್ಲ.

ಈ) ರಾತ್ರಿ ಮಲಗುವ ಮುಂಚೆ ಐದು ನಿಮಿಷ ಸಂತ ಇಗ್ನಾಸಿಯವರು ಕಲಿಸಿದ ಆತ್ಮಶೋಧನೆ ಮಾಡಬೇಕು. ದಿನದ ಒಳಿತಿಗೆ ವಂದನೆ, ಬೆಳಕಿಗಾಗಿ ಬೇಡಿಕೆ, ನಡೆದದ್ದರ ಪರಿಶೀಲನೆ, ತಪ್ಪಿಗೆ ಕ್ಷಮೆ, ನಾಳೆಗೆ ತೀರ್ಮಾನ. ಇವು ಐದು ಹೆಜ್ಜೆಗಳು.

ಉ) ಭಾನುವಾರದ ಬಲಿಪೂಜೆ, ಪರಮಪ್ರಸಾದ, ಪಾಪನಿವೇದನೆ ಬಿಡಬಾರದು. ಮನೆಯಲ್ಲೇ ದೇವರಿದ್ದಾರೆ, ದೇವಾಲಯ ಯಾಕೆ ಅನ್ನುವವರು ಲಾರೆನ್ಸರನ್ನು ಸಾಕ್ಷಿಗೆ ಕರೆಯಬಾರದು. ಅವರು ಮಠದ ಪ್ರಾರ್ಥನೆಯ ವೇಳೆಗಳನ್ನು ಕಡೆಯವರೆಗೆ ಪಾಲಿಸಿದವರು. ಎಮ್ಮಾವುಸಿನ ದಾರಿಯಲ್ಲಿ ಜೊತೆಗೆ ನಡೆದ ಕರ್ತರನ್ನು ಶಿಷ್ಯರು ಗುರುತಿಸಿದ್ದು ರೊಟ್ಟಿ ಮುರಿದಾಗಲೇ.

ಊ) ಮನೆಯವರಲ್ಲೇ ಯಾರ ಜೊತೆ ಮಾತು ಬಿಟ್ಟಿದೆಯೋ ಅವರ ಜೊತೆ ಮೊದಲ ಮಾತು ಆಡಬೇಕು. ಮತ್ತಾಯನ 25ನೇ ಅಧ್ಯಾಯದ ಪ್ರಕಾರ ಹಸಿದವನಲ್ಲಿ, ಕಾಯಿಲೆಯವನಲ್ಲಿ, ಸೆರೆಯಲ್ಲಿರುವವನಲ್ಲಿ ಯೇಸು ಇದ್ದಾರೆ. ದೇವರೊಡನೆ ಬಹಳ ಆತ್ಮೀಯತೆ ಇದೆ, ಸೊಸೆಯ ಮುಖ ನೋಡುವುದಿಲ್ಲ ಅಂದರೆ ಆ ಆತ್ಮೀಯತೆಯನ್ನು ಮತ್ತೆ ಪರೀಕ್ಷಿಸಿಕೊಳ್ಳಬೇಕು.

ಧ್ಯಾನಕ್ಕೆ ಕೆಲವು ಪ್ರಶ್ನೆಗಳು

1. ಕೋರಿಕೆ ಏನೂ ಇಲ್ಲದೆ ಯೇಸುವಿನ ಹತ್ತಿರ ಮಾತಾಡಿ ಎಷ್ಟು ದಿನವಾಯಿತು?
2. ದಿನದ ಕೆಲಸಗಳಲ್ಲಿ ಎಲ್ಲಕ್ಕಿಂತ ಬೇಸರ ತರುವುದು ಯಾವುದು? ಅದನ್ನು ಅವರ ಜೊತೆ ಮಾಡಲು ಸಾಧ್ಯವೇ?
3. ಸಿಗದೆ ಹೋದ ಯಾವ ವರಕ್ಕಾಗಿ ಅವರ ಮೇಲೆ ಇನ್ನೂ ಮುನಿಸಿದೆ? ಅದನ್ನು ಅವರಿಗೆ ಹೇಳಿದ್ದಾಯಿತೇ?
4. ಇಂದೇ ಕ್ಷಮಿಸಬೇಕಾದ ವ್ಯಕ್ತಿ ಯಾರು?

ಮತ್ತಾಯನ ಶುಭಸಂದೇಶ ಮುಗಿಯುವುದು ಒಂದು ಬೆಟ್ಟದ ಮೇಲೆ. ಯೇಸು ಶಿಷ್ಯರನ್ನು ಅಲ್ಲೇ ಇರಿ ಅನ್ನಲಿಲ್ಲ, ಕೆಳಗೆ ಜನರ ಮಧ್ಯೆ ಕಳಿಸಿದರು. ಕಳಿಸುವಾಗ ಯುಗಾಂತ್ಯದವರೆಗೂ ಜೊತೆಗಿರುವ ಮಾತು ಕೊಟ್ಟರು. ಆದ್ದರಿಂದ ಬೆಟ್ಟ ಇಳಿಯುವ ಯಾತ್ರಿಕರು ಯಾರನ್ನೂ ಮೇಲೆ ಬಿಟ್ಟು ಹೋಗುತ್ತಿಲ್ಲ.

ಪ್ರಾರ್ಥನೆ: ಪ್ರಭು ಯೇಸುವೇ, ನಜರೇತಿನಲ್ಲಿ ದುಡಿದ ಕೈ ನಿಮ್ಮದು. ನಮ್ಮ ಮನೆ, ಹೊಲ, ಅಂಗಡಿ, ಆಫೀಸಿಗೂ ಬನ್ನಿರಿ. ಮರೆತಾಗ ನೆನಪಿಸಿರಿ, ಬಿದ್ದಾಗ ಎತ್ತಿರಿ, ಕೇಳಿದ್ದು ಸಿಗದಾಗಲೂ ನಿಮ್ಮ ಕೈ ಬಿಡದ ಮನಸ್ಸು ಕೊಡಿರಿ. ಆಮೆನ್.